ಮತದಾನ ಮುಗಿಯುವವರೆಗೆ ನನ್ನ ತಮ್ಮನನ್ನು ಆಡಿಸಿದ ಮಾನ್ಯ ಸ್ಟ್ರಿಕ್‌ಲರ್ ಅವರಿಗೆ

ಪೋರ್ಟ್ ಆಲ್ಡರ್ ಡ್ರೆಜರ್ಸ್ ತಂಡದ ಒಡೆಯರೂ, ಮೂರು ರಾಜ್ಯಗಳ ಜನರನ್ನು ತಮ್ಮ ಕಂಪನಿಯ ಮೆತ್ತನೆಯ ಹಾಸಿಗೆಗಳ ಮೇಲೆ ಮಲಗಿಸಿ ಹೆಸರು ಮಾಡಿದವರೂ, ಅದೇ ಅನುಭವದ ಬಲದಿಂದ ಈಗ ಇಡೀ ಒಂದು ಫುಟ್‌ಬಾಲ್ ತಂಡವನ್ನು ಮಲಗಿಸಿರುವವರೂ ಆದ ಮಾನ್ಯ ಶ್ರೀ ಲೈಲ್ ಸ್ಟ್ರಿಕ್‌ಲರ್ ಅವರ ಸನ್ನಿಧಿಗೆ, ಬಂದರು ಬೀದಿಯಲ್ಲಿ ಮೀನು ಕರಿದು ಬದುಕುವ ಲೋರ್ನಾ ಕೊವಾರಿಕ್ ವಿನಯದಿಂದ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಮೊನ್ನೆಯ ಪತ್ರಿಕೆಯ ಮುಖಪುಟದಲ್ಲಿ ತಮ್ಮ ನಗುಮುಖ ಕಂಡು ತಿಳಿದು ಸಂತೋಷಪಟ್ಟೆ. ಅದರ ಕೆಳಗೇ ತಮ್ಮ ಹೇಳಿಕೆಯೂ ಇತ್ತು. ವೇಡ್ ಕೊವಾರಿಕ್ ತಾನಾಗಿಯೇ ಮೈದಾನದಿಂದ ಹಿಂದೆ ಸರಿದನೆಂದೂ, ಆ ಉದಾತ್ತ ನಿರ್ಧಾರದಲ್ಲಿ ತಾವು ಮೊದಲಿನಿಂದಲೂ ಅವನ ಬೆನ್ನ ಹಿಂದೆ ಇದ್ದಿರೆಂದೂ ತಾವು ಹೇಳಿದ್ದೀರಿ. ಬೆನ್ನ ಹಿಂದೆ ಇದ್ದಿರೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ತಳ್ಳುವವರು ನಿಲ್ಲಬೇಕಾದ ಜಾಗವೂ ಅದೇ. ಆದರೆ ಇಷ್ಟು ದೊಡ್ಡ ಉದ್ಯಮವನ್ನು ನಡೆಸುವವರಿಗೆ ಕೆಲವು ಸಣ್ಣ ವಿವರಗಳು ಮರೆತುಹೋಗುವುದು ಸಹಜವಾದ್ದರಿಂದ, ಈ ಶರತ್ಕಾಲದಲ್ಲಿ ಏನೇನು ನಡೆಯಿತೆಂಬುದನ್ನು ತಮಗೆ ನೆನಪಿಸಿಕೊಡುವ ಸೇವೆಯನ್ನು, ವೇಡ್‌ನ ಒಡಹುಟ್ಟಿದ ಅಕ್ಕನಾದ ನಾನು ಯಾವ ಪ್ರತಿಫಲವನ್ನೂ ಬಯಸದೆ ಕೈಗೊಂಡಿದ್ದೇನೆ. ಊರವರೂ ಓದಲಿ ಎಂದು ಈ ಪತ್ರದ ಒಂದು ಪ್ರತಿಯನ್ನು ನನ್ನ ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ.

ತಮಗೆ ಆಟದ ಗಂಧವಿಲ್ಲವೆಂದು ಊರಿನಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ನಾನು ನಂಬುವುದಿಲ್ಲ, ಆದರೂ ಇರಲಿ ಎಂದು ಎರಡು ಮಾತು. ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟಕ್ಕೆ ಕಾಲ್ಚೆಂಡೆಂದು ಹೆಸರಿಟ್ಟ ಜನ ನಾವು. ಆ ಆಟದಲ್ಲಿ ಪ್ರತಿಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನ ಕೈಗೆ. ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಅವನು ನಿರ್ಧರಿಸಬೇಕು. ಅಷ್ಟರಲ್ಲಿ ಎದುರಾಳಿಯ ಕಡೆಯಿಂದ ಎಮ್ಮೆ ಗಾತ್ರದ ನಾಲ್ಕು ಜನ ಅವನನ್ನು ನೆಲಕ್ಕೆ ಕೆಡವಲು ಓಡಿಬರುತ್ತಿರುತ್ತಾರೆ. ಈ ಕೆಲಸವನ್ನು ನನ್ನ ತಮ್ಮ ನಮ್ಮೂರಿಗಾಗಿ ಮೀಸೆ ಸರಿಯಾಗಿ ಬರುವ ಮೊದಲಿನಿಂದ ಗಡ್ಡ ಬಿಳಿಯಾಗುವವರೆಗೆ ಮಾಡಿದ. ಒಂದು ಸಲ, ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿದ್ದ ಭಾನುವಾರ, ಅವನು ಊರಿಗೆ ಚಾಂಪಿಯನ್ನರ ಕಪ್ಪನ್ನೂ ತಂದುಕೊಟ್ಟ. ಆ ದಿನ ನಮ್ಮ ಪಾದ್ರಿಗಳು ಬೀದಿಯಲ್ಲಿ ನಿಂತು ಬಿಯರ್ ಕುಡಿದದ್ದನ್ನು ಊರು ಇನ್ನೂ ಕ್ಷಮಿಸಿಲ್ಲ, ಮರೆತೂ ಇಲ್ಲ.

ಈಗ ಅವನಿಗೆ ನಲವತ್ತೊಂದು. ಹೂಳೆತ್ತುವವರು ಎಂಬ ಅರ್ಥದ ಹೆಸರಿಟ್ಟುಕೊಂಡ ನಮ್ಮ ಡ್ರೆಜರ್ಸ್ ತಂಡ ಕೆಲವು ವರ್ಷಗಳಿಂದ ಹೂಳಿನಲ್ಲೇ ಇದೆ. ಈ ಸಲವಂತೂ ಸೆಪ್ಟೆಂಬರ್ ಪೂರ್ತಿ ಸೋತೆವು. ವೇಡ್ ಎಸೆದ ಚೆಂಡುಗಳು ಮೊದಲಿನಂತೆ ನೇರವಾಗಿ ಹೋಗದೆ, ಮನೆ ದಾರಿ ಮರೆತ ಕುಡುಕನ ಹಾಗೆ ಗಾಳಿಯಲ್ಲಿ ತೂರಾಡಿ, ಬಹಳ ಸಲ ಎದುರಾಳಿಯ ಮಡಿಲಿಗೇ ಹೋಗಿ ಬೀಳುತ್ತಿದ್ದವು. ಬೆಂಚಿನ ಮೇಲೆ ಜಮರಿ ಟಿಲ್‌ಮನ್ ಎಂಬ ಜಾರ್ಜಿಯಾ ಕಡೆಯ ತರುಣ ಕ್ವಾರ್ಟರ್‌ಬ್ಯಾಕ್ ಕುಳಿತಿದ್ದ, ಕುಳಿತೇ ಇದ್ದ. ವೇಡ್‌ನ ಬದಲು ಅವನನ್ನು ಮೈದಾನಕ್ಕೆ ಇಳಿಸಬೇಕೇ, ಬೇಡವೇ ಎಂಬ ಒಂದೇ ಪ್ರಶ್ನೆಗೆ ಊರು ಎರಡಾಯಿತು.

ಊರು ಎರಡಾಯಿತೆಂದರೆ ಮೊದಲು ಎರಡಾಗುವುದು ನನ್ನ ಅಂಗಡಿ. ಹಡಗುಗಳನ್ನು ಎಳೆಯುವ ಟಗ್ ದೋಣಿಯ ನಾಯಕನಾಗಿ ನಿವೃತ್ತನಾದ ಓರ್ವಿಲ್ ಬನಾಕ್ ಮತ್ತು ಅವನ ಹೆಂಡತಿ ಡಾಟಿ, ಪ್ರತಿ ಶುಕ್ರವಾರ ಕಿಟಕಿಯ ಪಕ್ಕದ ಮೇಜಿನಲ್ಲಿ ಕರಿದ ಪರ್ಚ್ ಮೀನು ತಿನ್ನುವವರು, ಈ ಪ್ರಶ್ನೆ ಎದ್ದ ಮೇಲೆ ಒಟ್ಟಿಗೆ ಒಂದೇ ಕಾರಿನಲ್ಲಿ ಬಂದು ಬೇರೆ ಬೇರೆ ಮೇಜುಗಳಲ್ಲಿ ಕುಳಿತರು. ಓರ್ವಿಲ್ ವೇಡ್‌ನ ಪಕ್ಷ, ಡಾಟಿ ಟಿಲ್‌ಮನ್‌ನ ಪಕ್ಷ. ಕಪ್ಪು ತಂದವನನ್ನು ಕೈಬಿಡುವ ಊರು ಊರೇ ಅಲ್ಲವೆಂದು ಅವನು ಈ ಮೂಲೆಯಿಂದ ಹೇಳಿದರೆ, ಹಾಗಾದರೆ ನಿನ್ನ ಹಳೆಯ ಟಗ್ ದೋಣಿಯನ್ನೂ ಮುಳುಗುವವರೆಗೆ ನಡೆಸಬೇಕಿತ್ತೆಂದು ಅವಳು ಆ ಮೂಲೆಯಿಂದ ಹೇಳುವಳು. ನನ್ನ ಬಳಿ ಮಾತ್ರ ಯಾರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಮೀನಿನ ತಟ್ಟೆ ಇಡುವಾಗ ಕೈ ಹಿಡಿದು, ತಮ್ಮ ಹೇಗಿದ್ದಾನೆ ಎಂದು ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ ಕೇಳುತ್ತಿದ್ದರು.

ಆಗ ತಾವು ಟಿವಿಯಲ್ಲಿ ಕಾಣಿಸಿಕೊಂಡು, ವೇಡ್ ನಮ್ಮ ಕುಟುಂಬದವನು, ಕುಟುಂಬದವರನ್ನು ನಾವು ಬದಲಾಯಿಸುವುದಿಲ್ಲ ಎಂದು ಘೋಷಿಸಿದಿರಿ. ಓರ್ವಿಲ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ನಾನೂ ಕೈಯಲ್ಲಿದ್ದ ಸೌಟು ಕೆಳಗಿಟ್ಟು ತಟ್ಟಿದೆ. ವೇಡ್‌ಗೆ ಮದುವೆ ಎರಡು ಸಲ ಆಗಿ ಎರಡು ಸಲ ಮುರಿದಿದೆ, ತಂದೆತಾಯಿ ಇಲ್ಲ, ಕುಟುಂಬವೆಂದು ಇರುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಇನ್ನೊಬ್ಬರು, ಅದೂ ಖಾಸಗಿ ವಿಮಾನ ಇರುವವರು, ಸಿಕ್ಕಿದರಲ್ಲಾ ಎಂದು ಸಮಾಧಾನವಾಯಿತು.

ಅಕ್ಟೋಬರ್ ಮೊದಲ ಭಾನುವಾರ ಮಿಲ್‌ಹೇವನ್ ತಂಡದ ಎದುರು ಆಡುವಾಗ ವೇಡ್‌ಗೆ ಪಕ್ಕೆಯಿಂದ ಒಂದು ಹೊಡೆತ ಬಿತ್ತು, ತಲೆ ನೆಲಕ್ಕೆ ಬಡಿಯಿತು. ಎದ್ದ. ಎದ್ದು, ತನ್ನವರು ಮುಂದಿನ ಆಟ ಕೇಳಲು ವೃತ್ತವಾಗಿ ನಿಂತು ಕಾಯುತ್ತಿದ್ದ ಕಡೆಗೆ ಹೋಗದೆ, ನೆಟ್ಟಗೆ ಮಿಲ್‌ಹೇವನ್‌ನವರ ವೃತ್ತದೊಳಗೆ ಹೋಗಿ ನಿಂತ. ಜನ ನಕ್ಕರು. ಪಂದ್ಯ ಮುಗಿದ ಮೇಲೆ ವೇಡ್ ಕೂಡ ನಕ್ಕು, ತಮಾಷೆಗೆ ಮಾಡಿದೆ ಎಂದ. ತಮ್ಮ ತಂಡದ ವೈದ್ಯರು ಕಣ್ಣಿಗೆ ಟಾರ್ಚು ಬಿಟ್ಟು, ಇದು ಯಾವ ಊರು, ಎದುರಾಳಿ ಯಾರು ಎಂದೆಲ್ಲ ಕೇಳಿ, ಸರಿಯಾದ ಉತ್ತರ ಬಂದದ್ದರಿಂದ ಅವನನ್ನು ಆರೋಗ್ಯವಂತನೆಂದು ಸಾರಿದರು. ಆ ವೈದ್ಯರ ಬಗ್ಗೆ ನನಗೆ ಅಪಾರ ಗೌರವವಿದೆ. ಅಷ್ಟು ವರ್ಷಗಳಿಂದ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತ ಬಂದು, ರೋಗಿಗೆ ಉತ್ತರಗಳು ಬಾಯಿಪಾಠವಾಗುವಂತೆ ನೋಡಿಕೊಂಡ ವೈದ್ಯರು ಬೇರೆಲ್ಲೂ ಸಿಗಲಾರರು.

ಮರುದಿನ ವೇಡ್ ನನ್ನ ಅಂಗಡಿಗೆ ಬಂದು ಕೌಂಟರಿನ ಎದುರು ಕುಳಿತ. ಮೀನು ಕೊಟ್ಟೆ. ಉಪ್ಪು ಉದುರಿಸಿಕೊಂಡ. ಹವಾಮಾನದ ಬಗ್ಗೆ ಏನೋ ಹೇಳಿದ, ಮತ್ತೆ ಉಪ್ಪು ಉದುರಿಸಿಕೊಂಡ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, ಮೂರನೆಯ ಸಲವೂ ಅದೇ ಡಬ್ಬಿಗೆ ಕೈ ಹಾಕಿದ. ಚಿಕ್ಕಂದಿನಿಂದ ನಾನು ಮಾಡಿದ ಎಲ್ಲದರಲ್ಲೂ ಉಪ್ಪು ಜಾಸ್ತಿ ಎಂದು ಮೂಗು ಮುರಿಯುತ್ತಿದ್ದವನು ಆ ತಟ್ಟೆಯನ್ನು ಪೂರ್ತಿ ತಿಂದು, ಇವತ್ತು ಚೆನ್ನಾಗಿದೆ ಎಂದ. ನಾನು ಒಳಗೆ ಹೋಗಿ ಎಣ್ಣೆಯ ಬಾಣಲೆಯ ಮುಂದೆ ನಿಂತೆ. ಕರಿಯುವುದಕ್ಕೆ ಏನೂ ಇರಲಿಲ್ಲ, ಸುಮ್ಮನೆ ನಿಂತೆ.

ತಾವು ನನ್ನ ಬಡ ಅಂಗಡಿಗೆ ಪಾದ ಬೆಳೆಸಿದ್ದು ಅದಾದ ಮರುವಾರ. ನವೆಂಬರಿನಲ್ಲಿ ಊರಿನವರು ಮತ ಹಾಕಿ, ತಮಗೊಂದು ಹೊಸ ಕ್ರೀಡಾಂಗಣ ಕಟ್ಟಿಸಿಕೊಡಲು ತಂತಮ್ಮ ಮೇಲೆಯೇ ತೆರಿಗೆ ಹಾಕಿಕೊಳ್ಳಬೇಕೆಂಬುದು ತಮ್ಮ ಸಣ್ಣ ಆಸೆಯಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಾವು ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಡೊಂಕು ನೆಲವನ್ನು ಊರವರ ಖರ್ಚಿನಲ್ಲಿ ಕಿತ್ತುಹಾಕಿಸಿ ಹೊಸ ನೆಲ ಹಾಸಿಸಲು ಹೊರಟಿರಿ. ಅದರ ಪ್ರಚಾರಕ್ಕಾಗಿ ವೇಡ್‌ಗೆ ನನ್ನ ಏಪ್ರನ್ ಕಟ್ಟಿ, ಅವನು ಹುಟ್ಟಿದ ಬೀದಿಯಲ್ಲಿ ಜನರಿಗೆ ಮೀನು ಬಡಿಸುವ ಹಾಗೆ ಚಿತ್ರ ತೆಗೆಸಿದಿರಿ. ಚಿತ್ರ ತೆಗೆಯುವವರು ದೀಪ ಸರಿಮಾಡುತ್ತಿದ್ದಾಗ ತಾವು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಪಿರೋಗಿ ಕಡುಬನ್ನು ತಿನ್ನುತ್ತಿದ್ದಿರಿ. ಆಗ ನಾನು ಉಪ್ಪಿನ ವಿಷಯವನ್ನೆಲ್ಲ ಹೇಳಿ, ನನ್ನ ತಮ್ಮನನ್ನು ಯಾವಾಗ ಬಿಡುತ್ತೀರೆಂದು ಕೇಳಿದೆ. ತಾವು ಸಿಟ್ಟಾಗಲಿಲ್ಲ, ಸುಳ್ಳೂ ಹೇಳಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, ಮನೆಯವರ ಹಾಗೆ ಹೇಳಿದಿರಿ:

"ಮತದಾನ ಒಂದು ಮುಗೀಲಿ, ಲೋರ್ನಾ. ಟಿಲ್‌ಮನ್ ಮುಖ ನೋಡಿ ಈ ಊರು ಕ್ರೀಡಾಂಗಣ ಕಟ್ಟಲ್ಲ. ಆಮೇಲೆ ನಿಮ್ಮ ತಮ್ಮ ಎಷ್ಟು ಬೇಕಾದ್ರೂ ಮಲಗಲಿ, ಹಾಸಿಗೆ ನಂದೇ."

ಇಷ್ಟು ಹೇಳಿ ತಾವು ನಕ್ಕಿರಿ. ನಾನೂ, ನಾಚಿಕೆಯಿಂದ ಹೇಳುತ್ತೇನೆ, ಅಭ್ಯಾಸಬಲದಿಂದ ನಕ್ಕೆ. ಗಿರಾಕಿಗಳು ನಕ್ಕಾಗ ನಗುವುದು ನನ್ನ ಕಸುಬಿನ ಭಾಗ. ಆದರೆ ಅದಕ್ಕಿಂತ ನೇರವಾದ ಉತ್ತರ ಈ ಊರಿನಲ್ಲಿ ಯಾರಿಂದಲೂ ನನಗೆ ಸಿಕ್ಕಿರಲಿಲ್ಲ, ಅದಕ್ಕಾಗಿ ನಾನು ಋಣಿ. ಕುಟುಂಬದವನೆಂದರೆ ತಮ್ಮ ಭಾಷೆಯಲ್ಲಿ ಗೋಡೆಗೆ ಅಂಟಿಸುವ ಚಿತ್ರವೆಂದು ಆ ದಿನ ಅರ್ಥವಾಯಿತು.

ತಾವು ಹೋದ ಮೇಲೆ ಇದನ್ನು ವೇಡ್‌ಗೆ ಹೇಳಿದೆ. ಅವನು ಏಪ್ರನ್ ಬಿಚ್ಚಿ ಮಡಿಸುತ್ತ, ತನಗೆ ಗೊತ್ತೆಂದ. ಮತದಾನದವರೆಗೆ ಆಡಿಸುತ್ತಾರೆ, ಅಷ್ಟರಲ್ಲಿ ನಾಲ್ಕು ಪಂದ್ಯ ಗೆದ್ದುಕೊಟ್ಟರೆ ಆಮೇಲೆ ಹೇಗೆ ತೆಗೆಯುತ್ತಾರೆ ನೋಡೋಣ ಎಂದ. ನೀನು ಎದುರಾಳಿಗಳ ನಡುವೆ ಹೋಗಿ ನಿಂತವನು ಎಂದೆ. ತಮಾಷೆ ಎಂದೆನಲ್ಲ ಎಂದು ಗದರಿದ. ಉಪ್ಪಿನ ಮಾತೆತ್ತಿದೆ. ಅವನು ಅಲ್ಲಿಯವರೆಗೆ ನಿಂತೇ ಮಾತನಾಡುತ್ತಿದ್ದವನು ಸ್ಟೂಲಿನ ಮೇಲೆ ಕುಳಿತ.

"ಚೆಂಡು ಬಿಟ್ರೆ ನಾನ್ ಯಾರೇ, ಲೋರ್ನಾ? ನಿನ್ ಹಾಗೆ ಮೀನು ಕರೀತಾ ಕೂತ್ಕೊಳ್ಲಾ?" ಎಂದ.

"ಮೀನು ಕರಿಯೋಕೂ ನಿನಗೆ ಬರಲ್ಲ," ಎಂದೆ.

ಹೇಳಬಾರದಿತ್ತು, ಅಕ್ಕಂದಿರ ಬಾಯಿ ಅಂಥದು. ಅವನು ಹಿಂದಿನ ಬಾಗಿಲಿನಿಂದ ಹೊರಟುಹೋದ. ಆಮೇಲೆ ಎರಡು ಭಾನುವಾರ ಆಡಿದ, ಎರಡರಲ್ಲೂ ತಂಡ ಸೋತಿತು. ತಮ್ಮ ಪ್ರಚಾರದ ಚಿತ್ರ ಮಾತ್ರ ಪ್ರತಿ ಬಸ್ಸಿನ ಮೇಲೂ ಗೆಲ್ಲುತ್ತ ಓಡಾಡಿತು.

ಇನ್ನು ಹೇಳಬೇಕಾದದ್ದು ತಮಗೆ ಗೊತ್ತಿಲ್ಲದ ಸಂಗತಿ. ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಜನ ಕಡಿಮೆ ಇದ್ದಾಗ, ಜಮರಿ ಟಿಲ್‌ಮನ್ ಒಬ್ಬನೇ ಬಂದ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದವನು, ಕುಳಿತಾಗ ಮಾತ್ರ ಇಂಟರ್‌ವ್ಯೂಗೆ ಬಂದವನಂತೆ ಮುದುಡಿ ಕುಳಿತ. ಓರ್ವಿಲ್ ಅವನಿಗೆ ಬೆನ್ನು ತಿರುಗಿಸಿದ. ನನಗೂ, ನಿಜ ಹೇಳಬೇಕೆಂದರೆ, ಅವನನ್ನು ಕಂಡರೆ ಅಷ್ಟೇನೂ ಆಗುತ್ತಿರಲಿಲ್ಲ. ನನ್ನ ತಮ್ಮ ಬೀಳುವುದನ್ನೇ ಕಾಯುತ್ತಿರುವವನೆಂದು ಊರು ಅವನನ್ನು ಕಾಣುತ್ತಿತ್ತು, ನಾನೂ ಊರಿನವಳೇ. ಅವನು ಮೀನು ಮುಟ್ಟಲಿಲ್ಲ. ವೇಡ್ ಅವರ ಬಗ್ಗೆ ಒಂದು ಮಾತು ಹೇಳಬೇಕು, ಬೇರೆ ಯಾರಿಗೆ ಹೇಳಿದರೂ ಜಾಗಕ್ಕಾಗಿ ಹೇಳುತ್ತಿದ್ದಾನೆ ಅನ್ನುತ್ತಾರೆ ಎಂದ.

ಅವನು ಹೇಳಿದ್ದು ಇದು. ಮುಂದೆ ಯಾವ ಆಟ ಆಡಬೇಕೆಂದು ಕೋಚ್ ಹೇಳುವುದು ವೇಡ್‌ನ ಹೆಲ್ಮೆಟ್ಟಿನೊಳಗಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುತ್ತದೆ. ಅದನ್ನು ಅವನು ಉಳಿದ ಹತ್ತು ಜನರಿಗೆ ಹೇಳಬೇಕು. ಮಿಲ್‌ಹೇವನ್ ಪಂದ್ಯದಿಂದೀಚೆಗೆ ಹೆಲ್ಮೆಟ್ಟಿನಲ್ಲಿ ಕೇಳಿದ್ದು ಹತ್ತು ಜನರ ಹತ್ತಿರ ಹೋಗಿ ನಿಲ್ಲುವಷ್ಟರಲ್ಲಿ ಅವನಿಗೆ ಮರೆತುಹೋಗುತ್ತಿತ್ತು. ಆಗ ಅವನು ತಿರುಗಿ ಮೈದಾನದ ಅಂಚಿನತ್ತ ನೋಡುತ್ತಿದ್ದ. ಅಂಚಿನಲ್ಲಿ ಕೋಚ್‌ನ ಪಕ್ಕ ನಿಂತ ಟಿಲ್‌ಮನ್ ಯಾರಿಗೂ ಕಾಣದ ಹಾಗೆ, ಎದೆಯ ಹತ್ತಿರ ಬೆರಳಾಡಿಸಿ, ಯಾವ ಆಟವೆಂದು ಸನ್ನೆ ಮಾಡುತ್ತಿದ್ದ. ಇಬ್ಬರೂ ಈ ಬಗ್ಗೆ ಒಂದು ದಿನವೂ ಮಾತನಾಡಿರಲಿಲ್ಲವಂತೆ. ಒಬ್ಬ ನೋಡುತ್ತಿದ್ದ, ಇನ್ನೊಬ್ಬ ತೋರಿಸುತ್ತಿದ್ದ.

ಮಾನ್ಯರೇ, ಯಾರು ಬಿದ್ದರೆ ಯಾರಿಗೆ ಲಾಭವೋ ಅವನೇ ಅವನನ್ನು ಎತ್ತಿ ಹಿಡಿದಿದ್ದ. ಯಾರು ಕುಟುಂಬವೆಂದು ಕರೆದಿದ್ದರೋ ಅವರು ಕ್ರೀಡಾಂಗಣದ ಮೇಲಂತಸ್ತಿನ ಗಾಜಿನ ಕೊಠಡಿಯಲ್ಲಿ ಕುಳಿತು ಬಿಸಿ ಸೂಪ್ ಕುಡಿಯುತ್ತಿದ್ದರು.

ನಾನು ಟಿಲ್‌ಮನ್‌ಗೆ ಮುಂದಿನ ಭಾನುವಾರ ಕೈ ಜೇಬಿನಲ್ಲಿಟ್ಟುಕೋ ಎಂದೆ. ಅವನು ಒಪ್ಪಲಿಲ್ಲ. ಇಡೀ ಊರಿನ ಮುಂದೆ ಅವರ ಮಾನ ಹೋಗುತ್ತದೆ, ಆ ಕೆಲಸ ತನ್ನಿಂದಾಗದು ಎಂದ. ತಾನು ಹತ್ತು ವರ್ಷದವನಿದ್ದಾಗ ವೇಡ್ ಕೊವಾರಿಕ್‌ನ ನಂಬರಿನ ಅಂಗಿ ತೊಟ್ಟು ಮಲಗುತ್ತಿದ್ದೆ ಎಂದ. ನಾನು ಅವನ ಎದುರು ಕುಳಿತೆ.

"ಹೋದ ಮಾನಾನ ನಾನು ದಿನಾ ಮೀನಿನ ಜೊತೆ ಸ್ವಲ್ಪ ಸ್ವಲ್ಪ ಬಡಿಸಿ ವಾಪಸ್ ತರ್ತೀನಿ ಕಣಪ್ಪ," ಎಂದೆ. "ಇನ್ನೊಂದು ಏಟು ಬಿದ್ದು ಅವನೇ ಹೋದ್ರೆ, ಅದನ್ನ ಎಲ್ಲಿಂದ ತರ್ಲಿ?"

ಅವನು ತಣ್ಣಗಾದ ಮೀನನ್ನು ಪೂರ್ತಿ ತಿಂದು, ತಟ್ಟೆಯನ್ನು ತಾನೇ ಒಳಗೆ ತಂದಿಟ್ಟು ಹೋದ.

ಮತದಾನಕ್ಕೆ ಮುಂಚಿನ ಭಾನುವಾರ ನಾನು ಅಂಗಡಿ ಮುಚ್ಚಿ ಪಂದ್ಯಕ್ಕೆ ಹೋದೆ. ಟಿವಿಯಲ್ಲಾದರೆ ಹೊಡೆತ ಬೀಳುವಾಗ ತಿರುಗಿ ಬಾಣಲೆ ನೋಡಬಹುದು. ಮೈದಾನದಲ್ಲಿ ನೋಡಲು ಬೇರೇನೂ ಇರುವುದಿಲ್ಲವೆಂದು ಬಹಳ ವರ್ಷಗಳಿಂದ ಹೋಗಿರಲಿಲ್ಲ. ಬಾಗಿಲಲ್ಲಿ ತಮ್ಮವರು ಎಲ್ಲರ ಕೈಗೂ ಒಂದೊಂದು ಬಾವುಟ ಕೊಟ್ಟರು, ಒಂದು ಕಡೆ ವೇಡ್‌ನ ಮುಖ, ಇನ್ನೊಂದು ಕಡೆ ಹೊಸ ಕ್ರೀಡಾಂಗಣಕ್ಕೆ ಹೌದೆನ್ನಿ ಎಂಬ ಬೇಡಿಕೆ. ನನ್ನ ಒಂದು ಪಕ್ಕ ಓರ್ವಿಲ್, ಇನ್ನೊಂದು ಪಕ್ಕ ಡಾಟಿ. ಗಂಡಹೆಂಡಿರ ನಡುವಿನ ಗೋಡೆಯಾಗಿ ನಾನು.

ಮೊದಲರ್ಧದಲ್ಲಿ ವೇಡ್ ಆಡಿದ್ದನ್ನು ತಾವೂ ನೋಡಿದಿರಿ. ಆಟ ಗೊತ್ತಿಲ್ಲದವರಿಗೂ ಅದು ಕಾಣುವಂತಿತ್ತು. ಒಂದು ಸಲ ಅವನು ಹಿಂದಕ್ಕೆ ಸರಿದು, ಮೈಮೇಲೆ ಬಿದ್ದವನೊಬ್ಬನನ್ನು ಭುಜ ಕೊಡವಿ ಜಾರಿಸಿ, ಎಸೆದ ಚೆಂಡು ಅರ್ಧ ಮೈದಾನವನ್ನು ನೂಲು ಹಿಡಿದಂತೆ ದಾಟಿ ಓಡುತ್ತಿದ್ದವನ ಬೊಗಸೆಗೆ ಬಿತ್ತು. ಊರು ಎದ್ದು ನಿಂತಿತು. ಡಾಟಿ ನನ್ನ ತೋಳು ಹಿಡಿದು ಕುಣಿದಳು, ತಾನು ಯಾವ ಪಕ್ಷವೆಂಬುದನ್ನೇ ಮರೆತು. ನಾನೂ ಕೂಗಿದೆ, ಮಾನ್ಯರೇ. ನಾನೂ ಕೂಗಿದೆ. ಅವನು ಹೀಗೇ ಇನ್ನೂ ಹತ್ತು ವರ್ಷ ಆಡಲಿ, ಉಪ್ಪಿನ ಮನೆ ಹಾಳಾಗಲಿ ಎಂದು ಆ ಗಳಿಗೆಯಲ್ಲಿ ನನಗೆ ಅನಿಸಿದ್ದು ಸುಳ್ಳಲ್ಲ. ತಮ್ಮನ್ನು ನಾನು ಪೂರ್ತಿಯಾಗಿ ಬೈಯಲಾರದೆ ಹೋಗಿರುವುದಕ್ಕೆ ಆ ಒಂದು ಎಸೆತವೇ ಕಾರಣ. ಅಂಥದ್ದನ್ನು ಕಂಡವರು ಯಾರು ತಾನೇ ಸಾಕು ಎನ್ನುತ್ತಾರೆ?

ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಅವನಿಗೆ ಎರಡು ಕಡೆಯಿಂದ ಹೊಡೆತ ಬಿತ್ತು. ಎದ್ದ. ಎಂದಿನಂತೆ ವೈದ್ಯರತ್ತ ಕೈ ಬೀಸಿ, ಏನೂ ಆಗಿಲ್ಲವೆಂದ. ಹತ್ತು ಜನ ವೃತ್ತ ಕಟ್ಟಿ ಕಾದರು. ಅವನು ಅವರ ಹತ್ತಿರ ಹೋಗಿ ನಿಂತ, ಬಾಯಿ ತೆರೆದ, ಮುಚ್ಚಿದ. ತಿರುಗಿ ಮೈದಾನದ ಅಂಚಿನತ್ತ ನೋಡಿದ.

ಟಿಲ್‌ಮನ್ ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ.

ವೇಡ್ ನೋಡುತ್ತಲೇ ಇದ್ದ. ಮೊದಮೊದಲು ಜನ ಕೂಗುತ್ತಿದ್ದರು, ಬರಬರುತ್ತ ಅದೂ ನಿಂತಿತು. ಬಾವುಟಗಳು ಕೆಳಗಿಳಿದವು. ಕೊನೆಗೆ ಆಟ ತಡವಾಯಿತೆಂದು ತೀರ್ಪುಗಾರನ ಸೀಟಿ ಕೇಳಿಸಿತು. ನನ್ನ ತಮ್ಮ ಮೈದಾನದ ನಡುವಿನಿಂದ ಅಂಚಿಗೆ ನಡೆದು ಬಂದ, ತನ್ನದಲ್ಲದ ಊರಿನಲ್ಲಿ ವಿಳಾಸ ಹುಡುಕುವವನ ಹಾಗೆ. ಅವರಿಬ್ಬರು ಏನು ಮಾತನಾಡಿದರೆಂದು ಟಿಲ್‌ಮನ್ ಆಮೇಲೆ ನನಗೆ ಹೇಳಿದ್ದಾನೆ. ತಾವು ಗಾಜಿನ ಹಿಂದೆ ಇದ್ದುದರಿಂದ ತಮಗೆ ಕೇಳಿಸಿರಲಾರದು.

"ಕೈ ಎಲ್ಲೋ?" ಎಂದನಂತೆ ವೇಡ್.

"ಇವತ್ತು ಇಲ್ಲ, ಸರ್."

"ನಿನಗೆ ನನ್ನ ಜಾಗ ಬೇಕು, ಅಷ್ಟೇ ತಾನೇ?"

"ಬೇಕು, ಸರ್. ಇಲ್ಲ ಅನ್ನಲ್ಲ. ಆದ್ರೆ ಕೋಚ್ ಈಗ ಏನು ಹೇಳಿದ್ರು, ಒಂದ್ಸಲ ನೀವೇ ಹೇಳಿಬಿಡಿ. ನಾನ್ ಹೋಗಿ ಕೂತ್ಕೋತೀನಿ."

ವೇಡ್ ಹೇಳಲು ನೋಡಿದ. ತುಟಿ ಅಲುಗುತ್ತಿದ್ದದ್ದು ನನಗೆ ಅಷ್ಟು ದೂರಕ್ಕೂ ಕಂಡಿತು. ಆಮೇಲೆ ಹೆಲ್ಮೆಟ್ಟು ತೆಗೆದ. ಗಡ್ಡದ ತುಂಬ ಬೆವರು, ಹಣೆಯ ಮೇಲೆ ಹೆಲ್ಮೆಟ್ಟಿನ ಗುರುತು. ಬೆಂಚಿನ ಹತ್ತಿರ ಹೋಗಿ, ಯಾರೂ ಕೂರು ಎನ್ನುವ ಮೊದಲೇ ಕುಳಿತ. ಟಿಲ್‌ಮನ್ ಮೈದಾನಕ್ಕೆ ಓಡಿದ.

ಅಷ್ಟರಲ್ಲಿ ಬೆಂಚಿನ ಪಕ್ಕದ ಫೋನು ರಿಂಗಾಯಿತು. ಮೇಲಿನ ಗಾಜಿನ ಕೊಠಡಿಯಿಂದ ನೇರವಾಗಿ ಬರುವ ಫೋನು ಅದು. ವೇಡ್‌ನನ್ನು ಈ ಕ್ಷಣ ಮೈದಾನಕ್ಕೆ ಕಳಿಸಿ ಎಂದು ಹೇಳಲು ತಾವೇ ಸ್ವತಃ ಮಾಡಿದ ಕರೆಯೆಂದು ಬೆಂಚಿನವರೆಲ್ಲ ಹೇಳುತ್ತಾರೆ. ತಾವು ಮೊದಲಿನಿಂದಲೂ ಅವನ ನಿರ್ಧಾರದ ಬೆನ್ನಿಗಿದ್ದವರಾದ್ದರಿಂದ ಅದು ಅಪವಾದವೇ ಇರಬೇಕು. ಏನೇ ಇರಲಿ, ಫೋನಿಗೆ ಹತ್ತಿರ ಕುಳಿತಿದ್ದವನು ವೇಡ್. ಅವನೇ ಎತ್ತಿದ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಇಷ್ಟೇ ಹೇಳಿದನಂತೆ:

"ವೇಡ್ ಇಲ್ಲ. ಮನೆಗೆ ಹೋದ."

ಫೋನನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟ.

ಆಮೇಲೆ ಟಿಲ್‌ಮನ್ ಬಂದು ಪಂದ್ಯ ಗೆಲ್ಲಿಸಿದನೆಂದು ಬರೆಯಲು ನನಗೂ ಆಸೆ. ಅವನು ತನ್ನ ಎರಡನೆಯ ಎಸೆತವನ್ನೇ ಎದುರಾಳಿಯ ಕೈಗೆ ಕೊಟ್ಟ, ಒಂದು ಸಲ ತನ್ನದೇ ಕಡೆಯವನ ಕಾಲಿಗೆ ಎಡವಿ ಬಿದ್ದ, ಪಂದ್ಯ ಸೋತೆವು. ಆದರೆ ಬಿದ್ದಾಗಲೆಲ್ಲ ಥಟ್ಟನೆ ಎದ್ದ, ಎದ್ದವನು ತನ್ನವರ ಕಡೆಗೇ ಹೋದ. ಸೋಲುವುದಾದರೆ ಹೀಗೆ ಸೋಲಬಹುದು. ಓರ್ವಿಲ್ ಮುಂದಿನ ಶುಕ್ರವಾರ ತನ್ನ ತಟ್ಟೆಯನ್ನು ಎತ್ತಿಕೊಂಡು ಹೋಗಿ ಡಾಟಿಯ ಮೇಜಿನಲ್ಲಿ ಕುಳಿತ. ಈಗ ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಜಗಳವಾಡುತ್ತಾರೆ, ನನಗೆ ಬಡಿಸಲು ಅನುಕೂಲ.

ಮಂಗಳವಾರ ಮತದಾನವಾಯಿತು, ತಾವು ಗೆದ್ದಿರಿ. ವೇಡ್ ಮೈದಾನದಲ್ಲಿ ನಿಂತರೆ ಮಾತ್ರ ಮತ ಬೀಳುತ್ತದೆಂದು ತಾವು ಲೆಕ್ಕ ಹಾಕಿದ್ದಿರಿ. ಅವನು ಹೆಲ್ಮೆಟ್ಟು ತೆಗೆದು ಕುಳಿತದ್ದನ್ನು ಕಂಡು ಊರಿಗೆ ಊರೇ ಕಣ್ಣೊರೆಸಿಕೊಂಡು, ಅದೇ ಒದ್ದೆ ಕೈಯಿಂದ ಹೋಗಿ ತಮಗೆ ಹೌದೆಂದು ಒತ್ತಿ ಬಂತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆಯನ್ನು ತಮ್ಮಷ್ಟು ಚೆನ್ನಾಗಿ ಅರಿತವರನ್ನು ನಾನು ಕಂಡಿಲ್ಲ. ಬುಧವಾರ ವೇಡ್‌ನ ಲಾಕರಿನ ಸಾಮಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಅಂಗಡಿಗೆ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಓರ್ವಿಲ್ ಹೇಳಿದ. ಹೊಳೆಯ ವಿಷಯದಲ್ಲಿ ಅವನ ಮಾತಿಗೆ ನಾನು ಎದುರಾಡುವುದಿಲ್ಲ.

ವೇಡ್‌ನನ್ನು ಬೇರೆ ಊರಿನ ವೈದ್ಯರಿಗೆ ತೋರಿಸಿದೆ. ಅವರು ತಮ್ಮ ವೈದ್ಯರಷ್ಟು ಅನುಭವಿಗಳಲ್ಲ, ಅವನಿಗೆ ಗೊತ್ತಿಲ್ಲದ ಪ್ರಶ್ನೆಗಳನ್ನು ಕೇಳಿದರು. ಇನ್ನೊಂದು ಹೊಡೆತ ಬೀಳಬಾರದು ಎಂದರು. ಹೋದದ್ದರಲ್ಲಿ ಎಷ್ಟು ಮರಳುತ್ತದೆಂದು ಕೇಳಿದ್ದಕ್ಕೆ ಕಾದು ನೋಡಬೇಕು ಎಂದರು. ಟಿಲ್‌ಮನ್‌ನ ಕೈಯನ್ನು ಜೇಬಿಗೆ ಹಾಕಿಸಿದವಳು ನಾನೇ ಎಂದು ತಿಳಿದ ಮೇಲೆ ವೇಡ್ ಕೆಲವು ದಿನ ನನ್ನ ಕಡೆ ತಲೆ ಹಾಕಲಿಲ್ಲ. ಶನಿವಾರ ಬೆಳಿಗ್ಗೆ ಹಿಂದಿನ ಬಾಗಿಲಲ್ಲಿ ಬಂದು ನಿಂತ.

"ನೀನೇ ಹೇಳಿದ್ದಂತೆ," ಎಂದ.

"ಹೌದು," ಎಂದೆ.

"ಒಳ್ಳೇದು ಮಾಡಿದೆ ಅನ್ನೋಕೆ ನನಗೆ ಇನ್ನೂ ಸ್ವಲ್ಪ ದಿನ ಬೇಕು, ಲೋರ್ನಾ."

ಹಾಗೆಂದು ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡು ಸುಲಿಯಲು ಕುಳಿತ. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯನ್ನೂ ಬಿಸಾಡುತ್ತಾನೆ. ನಾನು ಏನೂ ಅನ್ನುವುದಿಲ್ಲ.

ಮಾನ್ಯರೇ, ಇಷ್ಟು ನೆನಪಿಸಿದ ಮೇಲೆ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳಿವೆ. ಹಳೆಯ ಕ್ರೀಡಾಂಗಣವನ್ನು ಕೆಡವುವಾಗ ಹುಲ್ಲಿನಡಿಯಲ್ಲಿ ನನ್ನ ತಮ್ಮನ ನೆನಪುಗಳೇನಾದರೂ ಸಿಕ್ಕಿದರೆ, ಹಾಳಾಗಿದ್ದರೂ ಪರವಾಗಿಲ್ಲ, ಕಳೆದುಹೋದ ವಸ್ತುಗಳ ಕಪಾಟಿನಲ್ಲಿ ಇಡಿಸಬೇಕು. ನಾನು ಬಂದು ಒಯ್ಯುತ್ತೇನೆ. ಕುಟುಂಬದವರೆಂದು ತಾವೇ ಸಾರಿರುವುದರಿಂದ, ಒಂದೇ ಒಂದು ಸಲ ತಾವು ಅವನ ಜಾಗದಲ್ಲಿ ನಿಂತು ಚೆಂಡು ಹಿಡಿಯಬೇಕು. ಬೇಕಿದ್ದರೆ ತಮ್ಮ ಕಂಪನಿಯ ಅತಿ ದಪ್ಪ ಹಾಸಿಗೆಯನ್ನು ಮೈಗೆ ಸುತ್ತಿಕೊಳ್ಳಲು ನಮ್ಮ ಅಭ್ಯಂತರವಿಲ್ಲ. ಕೊನೆಯದು ಸ್ವಲ್ಪ ದೊಡ್ಡದು. ಹೊಸ ಕ್ರೀಡಾಂಗಣದ ಹೆಬ್ಬಾಗಿಲಲ್ಲಿ ವೇಡ್‌ನ ಕಂಚಿನ ಪ್ರತಿಮೆ ನಿಲ್ಲಿಸುವುದಾಗಿ, ಅದು ತೋಳೆತ್ತಿ ಚೆಂಡು ಎಸೆಯುತ್ತಿರುವ ಭಂಗಿಯಲ್ಲಿ ಇರುವುದಾಗಿ ನಿನ್ನೆ ತಾವು ಪ್ರಕಟಿಸಿದ್ದೀರಿ. ಮಳೆಯಲ್ಲಿ, ಹಿಮದಲ್ಲಿ, ಸರೋವರದ ಗಾಳಿಯಲ್ಲಿ, ನಾವೆಲ್ಲ ಸತ್ತ ಮೇಲೂ ಅವನು ಹಾಗೆಯೇ ತೋಳೆತ್ತಿ ನಿಂತಿರಬೇಕೆಂದು ತಮ್ಮ ಆಸೆ. ದಯವಿಟ್ಟು ಶಿಲ್ಪಿಗೆ ಹೇಳಿ ಅವನನ್ನು ಕೂರಿಸಿ.

ಈ ವರ್ಷದ ಪಂದ್ಯಗಳ ಟಿಕೆಟ್ಟನ್ನು ಇನ್ನೂ ಹಿಂದಿರುಗಿಸದ, ಆ ಮಟ್ಟಿಗೆ ಮಾತ್ರ ತಮ್ಮ ವಿಶ್ವಾಸಿ,
ಲೋರ್ನಾ ಕೊವಾರಿಕ್
ಬಂದರು ಬೀದಿ, ಪೋರ್ಟ್ ಆಲ್ಡರ್

ಮರೆತ ಮಾತು: ಇನ್ನು ಮುಂದೆ ಜಮರಿ ಟಿಲ್‌ಮನ್ ನಮ್ಮ ಕುಟುಂಬದವನು ಎಂದು ತಾವು ನಿನ್ನೆಯೇ ಟಿವಿಯಲ್ಲಿ ಹೇಳಿದ್ದು ಕೇಳಿಸಿತು. ಅವನಿಗೂ ಒಬ್ಬ ಅಕ್ಕ ಇದ್ದಾಳೆ. ಜಾರ್ಜಿಯಾದಲ್ಲಿ ಶಾಲಾ ಶಿಕ್ಷಕಿ, ಕಳೆದ ವಾರ ನನ್ನ ಅಂಗಡಿಗೆ ಬಂದು ಊಟ ಮಾಡಿ ಹೋದಳು. ನನ್ನಷ್ಟು ವಿನಯ ಅವಳಿಗಿಲ್ಲ.